ಮೇಸ್ತ್ರಿ ಬರೆಸಿದ ಊರು

ಕೊಟ್ಟೂರಿನ ಕೂಡ್ಲಿಗಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಷೆಡ್ಡು ಹಾಕಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಒಬ್ಬರನ್ನು ಇಡೀ ಊರು ಮೇಸ್ತ್ರಿ ಎಂದೇ ಕರೆಯುತ್ತಿತ್ತು. ತಂದೆ ತಾಯಿ ಇಟ್ಟ ಹೆಸರು ಅವರಿಗೂ ಇತ್ತು. ಅದು ರೇಷನ್ ಕಾರ್ಡಿನಲ್ಲಿತ್ತು, ಮಸೀದಿಯ ಪಟ್ಟಿಯಲ್ಲಿತ್ತು, ಜನರ ಬಾಯಲ್ಲಿ ಇರಲಿಲ್ಲ. ನಾನೂ ಇಲ್ಲಿ ಮೇಸ್ತ್ರಿ ಎಂದೇ ಬರೆಯುತ್ತೇನೆ.

ಅವರು ಹೋದ ಸುದ್ದಿ ಹರಪನಹಳ್ಳಿಯ ನನ್ನ ಕಚೇರಿಗೆ ಕಾರ್ಡಿನಲ್ಲಿ ಬಂತು. ಕಾರ್ಡು ಕೈ ಸೇರುವಷ್ಟರಲ್ಲಿ ಮಣ್ಣು ಮಾಡಿ ನಾಲ್ಕು ದಿನ ಕಳೆದಿತ್ತು. ರಜೆ ಹಾಕಿ ಹೋದೆ. ಷೆಡ್ಡಿನ ಮುಂದೆ ಒಂದು ಎಂಜಿನ್ ಅರ್ಧ ಬಿಚ್ಚಿದ ಹಾಗೆಯೇ ಕೂತಿತ್ತು. ಅದರ ಸಾಮಾನು ತಾಡಪಾಲಿನ ಮೇಲೆ ಸಾಲಾಗಿ ಇತ್ತು. ಮೇಸ್ತ್ರಿಯ ಮಗ ಅದನ್ನು ಮುಟ್ಟಿರಲಿಲ್ಲ.

“ಅಬ್ಬಾ ಇಟ್ಟ ಸಾಲು ಐತ್ರಿ. ಕೆಡಿಸಿದ್ರ ಆಮ್ಯಾಲೆ ಯಾರಿಗೂ ತಿಳಿಯಂಗಿಲ್ಲ,” ಎಂದ. ಒಳಗೆ ಹೋಗಿ ಹಳೆಯದೊಂದು ಗ್ರೀಸ್ ಡಬ್ಬಿ ತಂದು ನನ್ನ ಕೈಗಿಟ್ಟ. ಅದರಲ್ಲಿ ಪರದೇಶದ ಸ್ಟಾಂಪು ಹಚ್ಚಿದ ಎರಡು ಲಕೋಟೆಗಳಿದ್ದವು. “ಇವು ಬಿ.ಎ.ದು, ಅವನಿಗೇ ಕೊಡು ಅಂದಿದ್ರು.”

ಬಿ.ಎ. ಅಂದರೆ ನಾನು.

ಆ ಸಾಲಿನ ವಿಷಯ ಮೊದಲು ಹೇಳಬೇಕು. ಮೇಸ್ತ್ರಿ ಯಾವ ಯಂತ್ರ ಬಿಚ್ಚಿದರೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿ ಇಡುತ್ತಿದ್ದರು. ಬೋಲ್ಟಿನ ಪಕ್ಕ ಅದರದೇ ನಟ್ಟು, ನಟ್ಟಿನ ಪಕ್ಕ ಅದರದೇ ವಾಷರು. ಆ ಸಾಲನ್ನು ಯಾರೂ ದಾಟುವಂತಿರಲಿಲ್ಲ. ನೂರು ಎಕರೆಯ ಧಣಿ ಬಂದರೂ ಸುತ್ತು ಹಾಕಿಯೇ ಬರಬೇಕು. “ಕೊನಿಗೆ ಬಿಚ್ಚಿದ್ದು ಮೊದಲು ಕೂಡಬೇಕು. ಇಷ್ಟು ತಿಳಿದ್ರ ಯಾವ ಮಷೀನೂ ದೊಡ್ಡದಲ್ಲ,” ಎನ್ನುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸ್ಪ್ಯಾನರ್ ನಂಬರು ಮತ್ತು ತಮ್ಮ ಸಹಿ, ಇವೆರಡು ಬಿಟ್ಟರೆ ಅವರಿಗೆ ಓದು ಬರಹದ ಗೊಡವೆ ಇರಲಿಲ್ಲ.

ಅವರದು ಇನ್ನೊಂದು ಚಾಳಿ. ರಿಪೇರಿಗೆ ಬಂದ ಟ್ರ್ಯಾಕ್ಟರಿನ ಟೈರಿನ ಸಂದಿಯಿಂದ ಒಂದು ಚೂರು ಮಣ್ಣು ಕಿತ್ತು, ಎರಡು ಬೆರಳಲ್ಲಿ ಉಜ್ಜಿ, ಗಾಡಿ ಎಲ್ಲಿಯದು ಎಂದು ಹೇಳುತ್ತಿದ್ದರು. ಕೆಂಪು ಮಸಾರಿಯಾದರೆ ಕೂಡ್ಲಿಗಿ ಕಡೆಯದು. ಗರಸು ಬೆರೆತಿದ್ದರೆ ಚಿಗಟೇರಿಯದು. ಬೆರಳಿಗೆ ಎಣ್ಣೆಯಂತೆ ಹತ್ತಿದರೆ ಹಡಗಲಿಯ ಹೊಳೆದಂಡೆಯ ಕಪ್ಪು ಎರೆಮಣ್ಣು. ಒಮ್ಮೆ ಹರಪನಹಳ್ಳಿ ಕಡೆಯ ಅರಸೀಕೆರೆಯ ಗೌಡರೊಬ್ಬರು ತಮ್ಮ ಟ್ರ್ಯಾಕ್ಟರ್ ಸ್ವಂತ ಹೊಲ ಬಿಟ್ಟು ಬೇರೆಲ್ಲೂ ಇಳಿದಿಲ್ಲ, ಆದರೂ ಹೀಗೇಕೆ ಕೆಟ್ಟಿತು ಎಂದು ದಬಾಯಿಸುತ್ತಿದ್ದರು. ಮೇಸ್ತ್ರಿ ಮಣ್ಣು ಉಜ್ಜಿ, ತಲೆ ಎತ್ತದೆ, “ನಿಮ್ಮ ಹೆಂಡ್ತಿ ತಮ್ಮ ಹಡಗಲ್ಯಾಗ ಅದಾನೇನ್ರಿ?” ಎಂದು ಕೇಳಿದರು. ಗೌಡರು ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿದರು.

ಈಗ ನನ್ನ ವಿಷಯ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇತಿಹಾಸ ಓದಿ ಬಿ.ಎ. ಪಾಸಾದೆ. ನಮ್ಮ ವಂಶದಲ್ಲಿ, ನಮ್ಮ ಕೇರಿಯಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗ. ಹಾಸ್ಟೆಲಿನ ಮುದ್ದೆ ಉಂಡು, ಬೇರೆಯವರು ಓದಿ ಬಿಟ್ಟ ಪುಸ್ತಕ ಹಿಡಿದು, ಎರಡು ವರ್ಷ ಒಂದೇ ಪ್ಯಾಂಟಿನಲ್ಲಿ ಕಾಲೇಜಿಗೆ ಹೋಗಿ ಪಡೆದದ್ದು. ಅದನ್ನು ಹೇಳಿಕೊಳ್ಳಲು ಆಗಲೂ ನನಗೆ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ನನ್ನ ಅಪ್ಪ ಚರ್ಮದ ಕೆಲಸ ಮಾಡುವವನು. ಪಂಪಿಗೆ, ಎಂಜಿನ್ನಿಗೆ ಬೇಕಾದ ಚರ್ಮದ ವಾಷರುಗಳನ್ನು ಮೇಸ್ತ್ರಿಗೆ ಕೊಯ್ದು ಕೊಡುತ್ತಿದ್ದ. ಅವು ಷೆಡ್ಡಿಗೆ ಹೋಗುತ್ತಿದ್ದವು, ಮೇಸ್ತ್ರಿ ನಮ್ಮ ಕೇರಿಗೆ ಬರುತ್ತಿರಲಿಲ್ಲ. ಅದರಲ್ಲಿ ನನಗೆ ಏನೂ ವಿಶೇಷ ಕಂಡಿರಲಿಲ್ಲ. ಕೇರಿಗೆ ಯಾರು ತಾನೆ ಬರುತ್ತಿದ್ದರು?

ಪಾಸಾದ ಸುದ್ದಿ ಹೇಳಲು ಹೋದಾಗ ಮೇಸ್ತ್ರಿ ಕೈಯ ಎಣ್ಣೆ ಒರೆಸಿಕೊಂಡು ನನ್ನನ್ನು ಕೆಳಗಿನಿಂದ ಮೇಲೆ ನೋಡಿ, “ನಿಮ್ಮಪ್ಪ ಕೊಯ್ದ ವಾಷರ್ ಎರಡು ವರ್ಷ ತಾಳತೈತಿ. ನಿನ್ನ ಬಿ.ಎ. ಎಷ್ಟು ತಾಳತೈತೋ ನೋಡೂಣು,” ಎಂದರು. ಅಂದಿನಿಂದ ಅದೇ ನನ್ನ ಹೆಸರಾಯಿತು.

ಕೆಲಸ ಸಿಗದೆ ಅಲೆಯುತ್ತಿದ್ದ ಆ ದಿನಗಳಲ್ಲಿ ಅವರು ನನ್ನಿಂದ ಒಂದು ಪತ್ರ ಬರೆಸಿದರು. ನಮ್ಮ ಕಡೆಗೆ ಆಗ ಚೆಕೊಸ್ಲೊವಾಕಿಯಾದ ಟ್ರ್ಯಾಕ್ಟರುಗಳು ಬಂದಿದ್ದವು. ಗಟ್ಟಿ ಗಾಡಿಗಳು. ಆದರೆ ಎರೆಯ ಸಣ್ಣ ಧೂಳು ಒಂದು ಕಡೆ ಎಂಜಿನ್ನಿನ ಒಳಗೆ ನುಸುಳುತ್ತಿತ್ತು. ಮೇಸ್ತ್ರಿ ಅಪ್ಪನಿಂದ ಒಂದು ಚರ್ಮದ ಬಳೆ ಕೊಯ್ಯಿಸಿ ಅಲ್ಲಿ ಕೂರಿಸಿದರು. ಧೂಳು ನಿಂತಿತು. “ಅದು ಗಾಡಿ ಮಾಡಿದವರ ತಪ್ಪಲ್ಲ. ನಮ್ಮ ಧೂಳು ಅವರು ಕಂಡಿಲ್ಲ. ತಿಳಿಸೂಣು,” ಎಂದು ಎಂಜಿನ್ನಿನ ತಗಡಿನ ಮೇಲಿದ್ದ ವಿಳಾಸಕ್ಕೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಬಳೆಯ ಚಿತ್ರವನ್ನು ತಾವೇ ಬರೆದರು. ಚಹಾದಂಗಡಿಯಲ್ಲಿ ಇದು ಗೊತ್ತಾಗಿ, ಮೇಸ್ತ್ರಿ ಫಾರಿನ್ನಿನಲ್ಲಿ ಬೀಗತನ ಮಾಡುತ್ತಿದ್ದಾರೆ ಎಂದು ನಗಾಡಿದರು.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಅದು ಕಾರ್ಖಾನೆಯ ಕಚೇರಿಯಿಂದ ಬಂದದ್ದಲ್ಲ. ಅಲ್ಲಿ ಕೆಲಸ ಮಾಡುವ ಒಬ್ಬನ ಕೈಗೆ ನಮ್ಮ ಚಿತ್ರ ಸಿಕ್ಕಿತ್ತಂತೆ. ಅವನು ತನ್ನ ಹಳ್ಳಿಯ ಮನೆಯಿಂದ ಬರೆದಿದ್ದ. ಅವನಿಗೂ ಇಂಗ್ಲಿಷ್ ಬಾರದು, ಓದುತ್ತಿರುವ ಮಗಳು ಬರೆಯುತ್ತಿದ್ದಾಳೆ ಎಂದಿತ್ತು. ಅಂದರೆ ಅಲ್ಲಿ ಒಬ್ಬ ಹೇಳುವವ, ಒಬ್ಬಳು ಬರೆಯುವವಳು. ಇಲ್ಲಿಯೂ ಹಾಗೆಯೇ. ಚರ್ಮದ ಬಳೆಗೆ ಒಂದು ಪ್ಯಾರಾ ವಂದನೆ ಹೇಳಿ, ಆಮೇಲೆ ಆರು ಪುಟ ಅವನು ತನ್ನ ಊರಿನ ಬಗ್ಗೆಯೇ ಬರೆದಿದ್ದ. ಯಾಕೆಂದರೆ ಆ ದೇಶದಲ್ಲಿ ಪ್ರತಿ ಹಳ್ಳಿಗೂ ಒಂದು ಪುಸ್ತಕ ಇರುತ್ತದಂತೆ. ಆ ವರ್ಷ ಯಾರು ಹುಟ್ಟಿದರು, ಯಾರು ಸತ್ತರು, ಹಿಮ ಎಷ್ಟು ಬಿತ್ತು, ಬೆಳೆ ಹೇಗೆ ಬಂತು ಎಲ್ಲವನ್ನೂ ಅದರಲ್ಲಿ ಬರೆಯಲು ಊರಿನವನೇ ಒಬ್ಬನನ್ನು ನೇಮಿಸುತ್ತಾರಂತೆ. ಅವರ ಊರಿನಲ್ಲಿ ಅವನೇ ಆ ಬರೆಯುವವನು.

ಬೇವಿನ ಮರದ ಕೆಳಗೆ ಕೂತು ನಾನು ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ, ಮೇಸ್ತ್ರಿ ಕೆಲಸ ಮಾಡುತ್ತಾ ಕೇಳಿದರು. ಎರಡು ಗುಡ್ಡಗಳ ನಡುವೆ ಬಟ್ಟಲಿನ ತಳದಲ್ಲಿ ಇರುವಂಥ ಊರು. ನಲವತ್ತು ಮನೆ. ಒಂದು ತೊರೆ, ತೊರೆಗೆ ಕಟ್ಟೆ ಕಟ್ಟಿ ಮಾಡಿದ ಮೀನಿನ ಕೆರೆ. ಚಳಿಗಾಲಕ್ಕೆ ಮುಂಚೆ ಕೆರೆಯ ನೀರು ಬಿಟ್ಟು ಬರಿದು ಮಾಡಿ, ಊರೆಲ್ಲ ಸೇರಿ ಕೆಸರಿನಲ್ಲಿ ಮೀನು ಹಿಡಿಯುತ್ತಾರೆ. ಒಂದು ಸಣ್ಣ ಗುಡಿ, ಅದಕ್ಕೊಂದು ಗಂಟೆ. ಮೊದಲ ಮಹಾಯುದ್ಧದಲ್ಲಿ ಆ ಗಂಟೆಯನ್ನು ತೋಪಿಗೆಂದು ಕರಗಿಸಿದರು. ಊರವರು ಮತ್ತೊಂದು ಮಾಡಿಸಿದರು. ಎರಡನೇ ಯುದ್ಧದಲ್ಲಿ ಅದನ್ನೂ ಒಯ್ದರು. ಈಗ ಹಳೆಯ ಶಾಲೆಯ ಕೈಗಂಟೆಯನ್ನೇ ಕಟ್ಟಿದ್ದಾರೆ. ಗುಡಿಯ ಮುಂದಿನ ಕಲ್ಲಿನಲ್ಲಿ ಯುದ್ಧಕ್ಕೆ ಹೋಗಿ ತಿರುಗಿ ಬಾರದವರ ಹೆಸರುಗಳಿವೆ. ಹೊಲಗಳ ಬದುಗಳಲ್ಲಿ ಹಣ್ಣಿನ ಮರಗಳಿದ್ದವು. ಸರ್ಕಾರ ಹೊಲಗಳನ್ನೆಲ್ಲ ಕೂಡಿಸಿ ಒಂದೇ ಮಾಡಿದಾಗ ಬದುಗಳೂ ಹೋದವು, ಮರಗಳೂ ಹೋದವು.

ಗಂಟೆಯ ಮಾತು ಬಂದಾಗ ಮೇಸ್ತ್ರಿಯ ಕೈ ನಿಂತಿತು. “ಎರಡು ಸಲ?” ಎಂದು ಕೇಳಿದರು. ಹೌದು ಎಂದೆ. ಮತ್ತೆ ಸ್ಪ್ಯಾನರ್ ತಿರುಗಿಸಿದರು.

ಆ ಪತ್ರದ ಎರಡು ಸಂಗತಿಗಳನ್ನು ಅವರು ತಿರುತಿರುಗಿ ಓದಿಸಿದರು. ಒಂದು, ಆ ಊರಿನ ಮನೆಗಳ ನಂಬರು. ಬೀದಿಯ ಸಾಲಿನಲ್ಲಿ ಒಂದು, ಎರಡು ಎಂದು ಕೊಟ್ಟ ನಂಬರುಗಳಲ್ಲ ಅವು. ಮೊದಲು ಕಟ್ಟಿದ ಮನೆಗೆ ಒಂದು, ಆಮೇಲೆ ಕಟ್ಟಿದ್ದಕ್ಕೆ ಎರಡು. ಮನೆ ಚಿಕ್ಕದೋ ದೊಡ್ಡದೋ, ಊರ ನಡುವೆಯೋ ಅಂಚಿನಲ್ಲೋ, ಮುಂಚೆ ಬಂದವರು ಮುಂಚೆಯೇ. ಮೇಸ್ತ್ರಿಗೆ ಇದು ಬಹಳ ಹಿಡಿಸಿತು. ಅವರ ತಾಡಪಾಲಿನ ಸಾಲೂ ಅದೇ ತಾನೆ.

ಇನ್ನೊಂದು ಕೊನೆಯ ಪುಟದಲ್ಲಿತ್ತು. ತಾವಿರುವ ಮನೆ ತಮ್ಮದಲ್ಲ ಎಂದು ಅವನು ಬರೆದಿದ್ದ. ಆ ಊರಿನಲ್ಲಿ ಜರ್ಮನ್ ಮಾತಾಡುವ ಕೆಲವು ಮನೆತನಗಳಿದ್ದವು. ಯುದ್ಧ ಮುಗಿದ ಮೇಲೆ ಅವರನ್ನು ಬರೀ ಒಂದೊಂದು ಕೈಚೀಲದೊಂದಿಗೆ ಹೊರಡಿಸಿ, ಮನೆಗಳನ್ನು ಬೇರೆಯವರಿಗೆ ಕೊಟ್ಟರು. “ನಾವು ಒಳಗೆ ಹೋದಾಗ ಅವರು ನಾದಿಟ್ಟ ಹಿಟ್ಟು ಉಬ್ಬಿ ಪಾತ್ರೆಯ ಹೊರಗೆ ಬಂದಿತ್ತು. ಅಮ್ಮ ಅದನ್ನು ಚೆಲ್ಲಲಿಲ್ಲ, ರೊಟ್ಟಿ ಸುಟ್ಟಳು. ನಾನೂ ತಿಂದೆ. ನನಗೆ ತಿಳಿಯುವ ವಯಸ್ಸಾಗಿತ್ತು. ಊರಿನ ಪುಸ್ತಕದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆದಿದ್ದೇನೆ. ನೀವು ದೂರದವರು, ಅದಕ್ಕೆ ಇಷ್ಟು ಬರೆದೆ. ನಿಮ್ಮ ಊರು ಹೇಗಿದೆ?”

ನಿಮ್ಮ ಊರು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಬರೆಯುವುದು ಇತಿಹಾಸದ ಬಿ.ಎ. ಆದ ನನಗೆ ಯಾವ ಲೆಕ್ಕ ಎಂದುಕೊಂಡೆ. ಮೂರು ದಿನ ಲೈಬ್ರರಿಯಲ್ಲಿ ಕೂತು ಕೊಟ್ಟೂರಿನ ಮೇಲೆ ನಾಲ್ಕು ಪುಟ ಬರೆದೆ. ಅರಸರು ಬಂದರು, ಪಾಳೆಗಾರರು ಬಂದರು, ಕಂಪನಿಯವರು ಬಂದರು. ಅಕ್ಷಾಂಶ, ರೇಖಾಂಶ, ಸರಾಸರಿ ಮಳೆ. ಒಂದು ತಪ್ಪು ಇಂಗ್ಲಿಷ್ ಇರಲಿಲ್ಲ. ಮೇಸ್ತ್ರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಒಂದು ವಾಲ್ವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಚಂದ ಐತಿ. ಯಾವೂರಲೇ ಇದು?”

“ಕೊಟ್ಟೂರು, ಮೇಸ್ತ್ರಿ.”

“ಒಂದು ಮನಿ ಇಲ್ಲ, ಒಂದು ಭಾವಿ ಇಲ್ಲ. ನಿಮ್ಮ ಕೇರಿ ಎಲ್ಲೈತಿ ಇದ್ರಾಗ?”

ಕೇರಿಯನ್ನು ನಾನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ಪರದೇಶದವರಿಗೆ ಅದೆಲ್ಲ ಯಾಕೆ ಎಂದೆ. ಮೇಸ್ತ್ರಿ ವಾಲ್ವನ್ನು ಸಾಲಿನಲ್ಲಿ ಅದರ ಜಾಗದಲ್ಲಿ ಇಟ್ಟರು. “ಅವ ಆ ಹಿಟ್ಟು ತಿಂದದ್ದು ಬರದಾನ,” ಎಂದರು. ಅಷ್ಟೇ. ಪರೀಕ್ಷೆಗಳಲ್ಲಿ ನನಗೆ ಕಡಿಮೆ ಅಂಕ ಬಂದದ್ದಿದೆ. ಹೀಗೆ ಯಾರೂ ಫೇಲು ಮಾಡಿರಲಿಲ್ಲ.

ಇನ್ನೊಂದು ವಾಲ್ವನ್ನು ಕೈಗೆತ್ತಿಕೊಂಡು ಅವರೇ ಹೇಳಿದರು, “ಕೊಟ್ಟೂರು ನನ್ನೂರಲ್ಲ ಬಿಡು. ಕೊಟ್ಟೂರಿಗೆ ಬರಿಯೋರು ಬಾಳ ಮಂದಿ ಅದಾರ. ನಮ್ಮೂರು ನೀರಾಗೈತಿ. ನಾನು, ನಿಮ್ಮಪ್ಪ, ಇನ್ನ ನಾಕು ಮಂದಿ ಸತ್ರ ಅಂಥದೊಂದು ಊರಿತ್ತು ಅನ್ನೋರಿಲ್ಲ. ಆ ಪರದೇಶದವರ ಕಪಾಟಿನ್ಯಾಗರ ಇರಲಿ.”

ಮೇಸ್ತ್ರಿಯ ಮನೆತನ ಮತ್ತು ನಮ್ಮದು ಒಂದೇ ಊರಿನವು ಎಂದು ನನಗೆ ಗೊತ್ತಿತ್ತು. ಹಗರಿಬೊಮ್ಮನಹಳ್ಳಿಯ ಆಚೆ ಹೊಳೆದಂಡೆಯಲ್ಲಿದ್ದ ಆ ಊರು ತುಂಗಭದ್ರಾ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ್ದು ನಾನು ಹುಟ್ಟುವುದಕ್ಕೆ ಮುಂಚೆ. ಅದಕ್ಕಿಂತ ಹೆಚ್ಚು ನನಗೆ ತಿಳಿದಿರಲಿಲ್ಲ. ಅಪ್ಪ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಕ್ಬರನ ಕಂದಾಯ ಪದ್ಧತಿ ನನಗೆ ಬಾಯಿಪಾಠವಾಗಿತ್ತು.

ಮಾರನೆಯ ದಿನ ಹೊಸ ಹಾಳೆ ತಂದೆ. ಊರು ಯಾವಾಗ ಹುಟ್ಟಿತು ಎಂಬುದರಿಂದ ಶುರು ಮಾಡೋಣ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಕೊನೆಗೆ ಬಿಚ್ಚಿದ್ದು ಮೊದಲು ಕೂಡಬೇಕು, ಊರು ಬಿಟ್ಟ ದಿನದಿಂದಲೇ ಶುರು ಮಾಡು ಎಂದರು. ಅವರು ಹೇಳಿದ್ದನ್ನು ಬರೆಯುತ್ತಾ ಹೋದೆ.

ಊರು ಬಿಡಬೇಕೆಂದು ಡಂಗುರ ಸಾರಿ ಎಷ್ಟೋ ದಿನವಾಗಿತ್ತು. ಹೊಳೆ ಇಲ್ಲಿಯ ತನಕ ಎಲ್ಲಿ ಬರುತ್ತದೆ ಎಂದು ಜನ ನಂಬಿರಲಿಲ್ಲ. ಬಂತು. ಮೊದಲು ಹೊಲ, ಆಮೇಲೆ ಬಂಡಿದಾರಿ. ಮೇಸ್ತ್ರಿಯ ಅಪ್ಪನಿಗೆ ಎರಡು ಬಂಡಿಗಳಿದ್ದವು. ಕಮ್ಮಾರಿಕೆಯ ಸಾಮಾನು, ಹಳೆ ಕಬ್ಬಿಣ ಎಲ್ಲ ಹೇರಿಕೊಂಡು ಕೊಟ್ಟೂರಿನ ನೆಂಟರ ಮನೆಗೆ ಹೊರಟರು. ಮುಂದಿನ ಬಂಡಿಯಲ್ಲಿ ಅಪ್ಪ, ಹಿಂದಿನದರಲ್ಲಿ ಹದಿನೆಂಟು ವರ್ಷದ ಮೇಸ್ತ್ರಿ. ಕೇರಿಯವರಿಗೆ ಬಂಡಿ ಇರಲಿಲ್ಲ. ಅವರು ತಲೆಯ ಮೇಲೆ ಹೊತ್ತುಕೊಂಡು ಸರ್ಕಾರ ತೋರಿಸಿದ ಹೊಸ ಜಾಗಕ್ಕೆ ನಡೆಯುತ್ತಿದ್ದರು. ದಾರಿ ಕವಲೊಡೆಯುವ ತನಕ ಎಲ್ಲರದೂ ಒಂದೇ ದಾರಿ.

“ಬರಿ,” ಎಂದರು ಮೇಸ್ತ್ರಿ. “ಕೇರಿಯವ ಒಬ್ಬ ತಾಯೀನ ಬೆನ್ನ ಮ್ಯಾಲೆ ಹೊತಗೊಂಡು ಬಂದ. ಆಕಿಗೆ ಕಾಲಾಗ ನಾರುಹುಣ್ಣು ಆಗಿತ್ತು, ನಡಿಯಾಕ ಬರ್ತಿದ್ದಿಲ್ಲ. ಕವಲಿನ ತನಕ ಕುಂದ್ರಿಸ್ಕೋರಿ ಅಂತ ನಮ್ಮಪ್ಪನ್ನ ಕೇಳಿದ. ಮುಂದಿನ ಸಲ ಬಂದಾಗ ನೋಡೂಣು ಅಂದ ನಮ್ಮಪ್ಪ. ಮುಂದಿನ ಸಲ ಇಲ್ಲಂತ ಎಲ್ಲಾರಿಗೂ ಗೊತ್ತಿತ್ತು, ದಾರಿಗೆ ನೀರು ಬಂದಿತ್ತು. ನನ್ನ ಬಂಡ್ಯಾಗ ನನ್ನ ಬಾಜೂಕ ಜಾಗ ಇತ್ತು. ನಾನು ಎತ್ತು ನಿಲ್ಲಸ್ಲಿಲ್ಲ.”

ನಾನು ಬರೆದೆ. ಇದನ್ನು ಇಂಗ್ಲಿಷಿಗೆ ಹಾಕುವುದು ಬೇಕೇ, ನಿಮ್ಮ ತಂದೆಯ ಮಾತು ಬರುತ್ತದೆ ಎಂದು ಕೇಳಿದೆ.

“ಹಾಕು. ಆ ತಾಯೀನ ಹೊತ್ತವ ನಿಮ್ಮಪ್ಪ,” ಎಂದರು.

ಬರೆಯುವುದು ಅಲ್ಲಿಗೇ ನಿಂತಿತು. ಮೇಸ್ತ್ರಿ ಎದ್ದು ಹೋಗಿ ಕೈ ತೊಳೆಯತೊಡಗಿದರು. ಅಂದು ಅವರು ಕೈ ಕೊಳೆ ಮಾಡಿಕೊಂಡಿರಲೇ ಇಲ್ಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವನು ತೊಗಲು ಕೊಯ್ಯುತ್ತಿದ್ದ. ಕತ್ತಿ ನಿಲ್ಲಿಸದೆ “ಹೂಂ” ಎಂದ. ಇಷ್ಟು ವರ್ಷ ಅವರಿಗೇ ವಾಷರ್ ಕೊಯ್ದು ಕೊಟ್ಟೆಯಲ್ಲ ಎಂದೆ. ವಾಷರ್ ಏನು ಮಾಡಿತ್ತು ಎಂದ. ಆಮೇಲೆ ಊರಿನ ಬಗ್ಗೆ ಬರೆಸುತ್ತಿದ್ದಾರೆ ಎಂಬುದನ್ನು ಕೇಳಿ ತಿಳಿದುಕೊಂಡು, “ಕೇರಿ ಹೆಂಗಿತ್ತಂತ ಅವಂಗೇನು ಗೊತ್ತು? ನಾನೂ ಬರ್ತೀನಿ ಅಂತ ಹೇಳು. ಬ್ಯಾಸಗ್ಯಾಗ ನೀರು ಸರೀತೈತಿ, ಹೋಗಿ ನೋಡೂಣು,” ಎಂದ.

ಹೀಗೆ ಆ ಬೇಸಿಗೆಯಲ್ಲಿ ನಾವು ಮೂವರು ಹೋದೆವು. ಹಗರಿಬೊಮ್ಮನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ನಡಿಗೆ. ಹಿನ್ನೀರು ಸರಿದ ನೆಲ ಬಿರುಕು ಬಿಟ್ಟು ಕಣ್ಣು ಹರಿಯುವಷ್ಟು ದೂರ ಹರಡಿತ್ತು. ಅಲ್ಲಲ್ಲಿ ಯಾರೋ ಸೌತೆ ಬಳ್ಳಿ ಹಾಕಿದ್ದರು. ಅಪ್ಪ ಮತ್ತು ಮೇಸ್ತ್ರಿ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು. ಆ ಬಯಲಿಗೆ ಇಳಿದ ಮೇಲೆ ಇಬ್ಬರೂ ನನ್ನನ್ನು ಬಿಟ್ಟು ಜೋರಾಗಿ ನಡೆದರು. ನನಗೆ ಕಂಡದ್ದು ಬರೀ ಕಲ್ಲು. ಅವರಿಗೆ ಕಂಡದ್ದು ಊರು. ಇದು ಗಾಣದ ಕಲ್ಲು, ಇದು ಮಸೀದಿಯ ಕಟ್ಟೆ, ಇದು ಹಣಮಪ್ಪನ ಗುಡಿಯ ಹೊಸ್ತಿಲು, ಇದು ಇಂಥವರ ಒರಳು. ಒಂದು ಗೋಡೆ ಎಲ್ಲಿ ತಿರುಗುತ್ತಿತ್ತು ಎಂದು ಇಬ್ಬರೂ ಜಗಳವಾಡಿದರು. ಮೇಸ್ತ್ರಿ ಹೆಜ್ಜೆ ಎಣಿಸುತ್ತಿದ್ದರು, ನಾನು ನಕ್ಷೆ ಬರೆಯುತ್ತಿದ್ದೆ.

ಮನೆಗಳಿಗೆ ನಂಬರು ಕೊಡುವ ಹೊತ್ತಾಯಿತು. ಆ ಪರದೇಶದ ಊರಿನ ಹಾಗೆಯೇ ಕೊಡಬೇಕು, ಮೊದಲು ಕಟ್ಟಿದ್ದು ಯಾವುದು ಎಂದರು ಮೇಸ್ತ್ರಿ. ಗೌಡರದು ಇರಬೇಕು ಎಂದು ನಾನು ಬರೆಯಹೊರಟೆ.

ಅಪ್ಪ ಹೂಳು ತುಂಬಿದ ಒಂದು ಭಾವಿಯ ಸುತ್ತುಗಟ್ಟಿನ ಮೇಲೆ ಕೂತಿದ್ದ. ಕಲ್ಲು ತಟ್ಟಿ ಹೇಳಿದ, “ಗೌಡ್ರ ಮಂದಿ ಯಾಕ ಬಂತು ಇಲ್ಲಿಗೆ? ನೀರು ಇತ್ತಂತ ಬಂತು. ನೀರು ತೋಡಿದ್ದು ಯಾರು? ನಮ್ಮ ಮುತ್ತಜ್ಜನ ಮುತ್ತಜ್ಜ. ತೋಡಿದವರು ಮೊದಲು ಬಂದಿರ್ತಾರ, ಕುಡಿಯೋರು ಆಮ್ಯಾಲೆ ಬರ್ತಾರ. ಬಂದು, ತೋಡಿದವರಿಗೇ ಭಾವಿಗೆ ಹಗ್ಗ ಬಿಡಬ್ಯಾಡ್ರಿ ಅಂದ್ರು.”

ಇದು ನಿಜವೇ ಎಂಬಂತೆ ನಾನು ಮೇಸ್ತ್ರಿಯ ಮುಖ ನೋಡಿದೆ. “ಖರೇ ಐತಿ, ನಮ್ಮಜ್ಜನೂ ಹೇಳ್ತಿದ್ದ,” ಎಂದರು. “ಬರಿ. ಒಂದು.”

ನಕ್ಷೆಯ ಅಂಚಿನಲ್ಲಿ, ಊರಿನಿಂದ ದೂರ ಬಿದ್ದಿದ್ದ ನಮ್ಮ ಮನೆಯ ನಾಲ್ಕು ಕಲ್ಲುಗಳ ಮೇಲೆ ನಾನು ಒಂದು ಎಂದು ಬರೆದೆ. ನನ್ನ ಮನೆಗೊಂದು ನಂಬರು ಇದೆ ಎಂದು ತಿಳಿದದ್ದು ಆವತ್ತು. 

ತಿರುಗಿ ಬರುವಾಗ ಬಂಡಿದಾರಿಯ ಗುರುತು ಸಿಕ್ಕಿತು. ಎರಡು ಗಾಲಿಯ ತಗ್ಗು ಬಂಡೆಯಲ್ಲಿ ಹಾಗೆಯೇ ಇತ್ತು. ಮೇಸ್ತ್ರಿ ಅಲ್ಲಿ ನಿಂತರು.

“ಬಂಡ್ಯಾಗ ಜಾಗ ಇತ್ತು,” ಎಂದರು.

“ಗೊತ್ತು. ನೋಡಿದ್ನಲ್ಲ,” ಎಂದ ಅಪ್ಪ.

 ಬಸ್ಸಿಗೆ ಹೊತ್ತಾಯಿತು ಎಂದು ಅಪ್ಪನೇ ಮುಂದೆ ನಡೆದ.

ಪತ್ರ ಒಂಬತ್ತು ಪುಟವಾಯಿತು. ಕೊನೆಯಿಂದ ಮೊದಲಿಗೆ, ಊರು ಬಿಟ್ಟ ದಿನದಿಂದ ಭಾವಿ ತೋಡಿದ ದಿನದ ತನಕ. ನಕ್ಷೆ ಬೇರೆ. ಹೊಳೆಯ ಎರೆಯನ್ನೂ ಒಂದು ಚಿಟಿಕೆ ಕಾಗದದಲ್ಲಿ ಮಡಿಸಿ ಇಡಬೇಕೆಂದರು ಮೇಸ್ತ್ರಿ. ಪೋಸ್ಟಿನವರು ಬೇಡವೆಂದು ತೆಗೆಸಿದರು. ಅದನ್ನು ಅವರು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದರು.

ಉತ್ತರಕ್ಕೆ ಬಹಳ ದಿನ ಕಾದೆವು. ಈ ನಡುವೆ ನನಗೆ ಹರಪನಹಳ್ಳಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಆರ್ಡರ್ ತೋರಿಸಿದಾಗ ಮೇಸ್ತ್ರಿ, “ತಾಳಿತಲ್ಲ ಬಿ.ಎ.” ಎಂದರು. ಅವರು ಹೊಗಳಿದ್ದೆಂದರೆ ಅದೊಂದೇ. ಎರಡನೇ ಶನಿವಾರಗಳಲ್ಲಿ ಊರಿಗೆ ಬಂದಾಗ ಷೆಡ್ಡಿಗೆ ಹೋಗುತ್ತಿದ್ದೆ.  ಪೋಸ್ಟ್‌ಮನ್ ಸೈಕಲ್ಲು ಹೋಗುವಾಗ ಮಾತ್ರ ಸ್ಪ್ಯಾನರಿನ ಸದ್ದು ನಿಲ್ಲುತ್ತಿತ್ತು. ಅಷ್ಟರಲ್ಲಿ ಅವರಿಗೆ ದಮ್ಮು ಶುರುವಾಗಿತ್ತು.

ಕೊನೆಗೆ ಬಂತು. ಮಗಳದೇ ಅಕ್ಷರ, ಇಂಗ್ಲಿಷ್ ಮೊದಲಿಗಿಂತ ಸುಧಾರಿಸಿತ್ತು. ನಮ್ಮ ನಕ್ಷೆಯನ್ನು ಅವಳ ತಂದೆ ತಮ್ಮ ಊರಿನ ಪುಸ್ತಕದ ಜೊತೆ ಕಪಾಟಿನಲ್ಲಿ ಇಟ್ಟಿದ್ದ. ಆ ವರ್ಷದ ಸಂಗತಿಗಳಲ್ಲಿ, ಹಿಮ ಬಿದ್ದದ್ದು, ಒಬ್ಬ ಮುದುಕ ಸತ್ತದ್ದು ಇವುಗಳ ಕೆಳಗೆ, ಇಂಡಿಯಾದ ನೀರಿನಲ್ಲಿರುವ ಒಂದು ಊರಿನಿಂದ ಪತ್ರ ಬಂತು ಎಂದು ಬರೆದು ನಮ್ಮ ಊರಿನ ಹೆಸರನ್ನು ಅವರ ಅಕ್ಷರದಲ್ಲಿ ಬರೆದಿದ್ದ. ಕೆರೆಯಲ್ಲಿ ಮೀನು ಹಿಡಿದ ದಿನ ಊರವರೆಲ್ಲ ಸೇರಿದ್ದಾಗ ಪತ್ರವನ್ನು ತಮ್ಮ ಭಾಷೆಯಲ್ಲಿ ಓದಿ ಹೇಳಿದನಂತೆ. ಎಲ್ಲ ಕೇಳಿದ ಮೇಲೆ ಒಬ್ಬ ಮುದುಕಿ ಒಂದು ಪ್ರಶ್ನೆ ಕೇಳಿದಳಂತೆ. ಮಗಳು ಅದನ್ನೇ ಬರೆದಿದ್ದಳು. “ಮಗನ ಬೆನ್ನ ಮೇಲೆ ಹೋದ ಆ ತಾಯಿ ಹೊಸ ಊರು ಮುಟ್ಟಿದಳೇ? ದಯವಿಟ್ಟು ಬರೆಯಿರಿ. ಎಲ್ಲರೂ ಕೇಳುತ್ತಿದ್ದಾರೆ.”

ಒಂಬತ್ತು ಪುಟದಲ್ಲಿ ಅದನ್ನು ನಾವು ಬರೆದಿರಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆ ಕವಲಿನಲ್ಲಿ ಅವರ ಬಂಡಿ ಕೊಟ್ಟೂರಿಗೆ ತಿರುಗಿತ್ತು. ಅಪ್ಪ ಎಷ್ಟೋ ವರ್ಷ ಬಿಟ್ಟು ಹೊಟ್ಟೆಪಾಡಿಗೆಂದು ಕೊಟ್ಟೂರಿಗೆ ಬಂದಾಗ ತಾಯಿ ಇಲ್ಲದೆ, ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಇಪ್ಪತ್ತೈದು ವರ್ಷದ ಮೇಲಾಗಿತ್ತು, ಮೇಸ್ತ್ರಿ ಒಮ್ಮೆಯೂ ಕೇಳಿರಲಿಲ್ಲ. ನನಗಾದರೋ ಅವಳು ಸ್ವಂತ ಅಜ್ಜಿ. ನಾನು ಹುಟ್ಟುವ ಮುಂಚೆಯೇ ಸತ್ತಳು ಎಂಬುದು ಬಿಟ್ಟರೆ ನನಗೂ ಏನೂ ಗೊತ್ತಿರಲಿಲ್ಲ. ದಾರಿಯಲ್ಲಿ ಸತ್ತಳೋ, ಮುಟ್ಟಿ ಸತ್ತಳೋ.

“ನಡಿ,” ಎಂದು ಮೇಸ್ತ್ರಿ ಎದ್ದರು.

ಅವರು ನಮ್ಮ ಕೇರಿಗೆ ಬಂದದ್ದು ಆವತ್ತೇ ಮೊದಲು. ದಮ್ಮಿಗೆ ಎರಡು ಕಡೆ ನಿಂತು ಬಂದರು. ಅಪ್ಪ ಕಟ್ಟೆಯ ಮೇಲೆ ಕೆಲಸದಲ್ಲಿದ್ದ. ಇವರನ್ನು ಕಂಡು, ಏನು ಹಾಸುವುದು ಎಂದು ಅತ್ತಿತ್ತ ನೋಡುವಷ್ಟರಲ್ಲಿ ಮೇಸ್ತ್ರಿ ನೆಲದ ಮೇಲೆಯೇ, ತೊಗಲಿನ ಚೂರುಗಳ ನಡುವೆ ಕೂತರು. ಪತ್ರವನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಓದಲು ಬಾರದಿದ್ದರೂ ಅದನ್ನೇ ನೋಡುತ್ತಾ ಹೇಳಿದರು, “ಅಣ್ಣಾ, ಆ ಊರವರು ಒಂದು ಮಾತು ಕೇಳ್ಯಾರ. ನಿಮ್ಮವ್ವ ಮುಟ್ಟಿದ್ಲೇನಂತ.”

ಅಪ್ಪ ಕತ್ತಿ ಕೆಳಗಿಟ್ಟ. ಅವನು ಕೆಲಸದ ನಡುವೆ ಕತ್ತಿ ಕೆಳಗಿಟ್ಟದ್ದನ್ನು ನಾನು ಕಂಡಿರಲಿಲ್ಲ.

“ಅವರು ಕೇಳ್ಯಾರೋ, ನೀನು ಕೇಳ್ತೀಯೋ?”

ಮೇಸ್ತ್ರಿಗೆ ಉಸಿರು ಹಿಡಿಯಿತು. ಸುಧಾರಿಸಿಕೊಂಡು, “ನಾನೂ ಕೇಳ್ತೀನಿ,” ಎಂದರು.

ನನ್ನ ಅವ್ವ ಒಳಗಿನಿಂದ ನೀರು ತಂದಳು. ಮೇಸ್ತ್ರಿ ಕುಡಿದರು. ಆಮೇಲೆ ಅಪ್ಪ ಹೇಳಿದ್ದು ಇಷ್ಟು.

“ದಾರಿ ತುಂಬ ಬೈಕೊಂತ ಬಂದ್ಲು. ನಿನ್ನಲ್ಲ, ನನ್ನ. ಇಳಸೋ ಇಳಸೋ, ನಾನೇನು ಹೆಣ ಏನು ಹೊರಾಕ ಅಂತ. ಹೊಸ ಊರಿನ ಕಲ್ಲು ನೆಟ್ಟಿದ್ರಲ್ಲ, ಅಲ್ಲಿ ಬಂದ ಕೂಡ್ಲೆ ಬೆನ್ನಿಗೆ ಗುದ್ದಿದ್ಲು. ಇಳಿಸಿದೆ. ಆ ಕಾಲಿನ್ಯಾಗ ಊರುಗೋಲೂ ಇಲ್ದ ನಡಕೊಂತ ಒಳಗ ಹೋದ್ಲು. ಯಾರೂ ಹೊತಗೊಂಡ ಬಂದ್ರಂತ ಅನಬಾರ್ದು ಅಂದ್ಲು. ಎರಡು ವರ್ಷ ಇದ್ಲು ಆಮ್ಯಾಲೆ.”

ಮೇಸ್ತ್ರಿ ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಎದ್ದು ಹೋಗುವಾಗ ನೆಲದ ಮೇಲಿದ್ದ ಚೂರುಗಳನ್ನು ದಾಟದೆ ಸುತ್ತಿಕೊಂಡು ಹೋದರು. ಬೀದಿಯಲ್ಲಿ ನಿಂತು ನನಗೆ ಹೇಳಿದರು, “ಬಿ.ಎ., ಇವತ್ತೇ ಬರದು ಹಾಕು.”

ಆವತ್ತೇ ಹಾಕಿದೆ. ಪರದೇಶಕ್ಕೆ ಹಾಕುವ ಏರೋಗ್ರಾಮಿನ ಹಾಳೆ ಬಹುಪಾಲು ಖಾಲಿಯೇ ಉಳಿಯಿತು. ನಾನು ಪಡೆದ ಡಿಗ್ರಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಒಂದನೇ ನಂಬರಿನ ಮನೆಯವನಾಗಿ, ಎರಡೇ ಸಾಲು ಬರೆದೆ: ಮುಟ್ಟಿದಳು. ನಡೆದುಕೊಂಡು ಒಳಗೆ ಹೋದಳು.